ಗಲಾಟೆ ಮಾಡಬೇಡಿ!

ಗ್ರಾಂಟ್ ರೋಡಿನಲ್ಲಿ ನಾವು ವಾಸಿಸುವ ಚಾಳಿನ ಎರಡನೆಯ ಮಾಳಿಗೆಯಲ್ಲಿ ಕಳೆದ ವಾರ ಹೊಸದೊಂದು ಫಲಕ ತೂಗುಬಿದ್ದಿದೆ. ‘ಗ್ಯಾಲರಿಯಲ್ಲಿ ಮಕ್ಕಳು ಆಡಬಾರದು, ಓಡಬಾರದು, ಗಲಾಟೆ ಮಾಡಬಾರದು’ ಎಂಬ ಅರ್ಥದ ಮೂರು ಸಾಲುಗಳು ಮರಾಠಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಮಾತ್ರ ಇಲ್ಲ. ಫಲಕವನ್ನು ನೋಡಿ ಮೊದಲು ನಮಗೆ ಸಿಟ್ಟು ಬಂದುದು ನಿಜ. ಏಕೆಂದರೆ ಆ ಮಾಳಿಗೆಯ ಗಲಾಟೆಯಲ್ಲಿ ಅರ್ಧ ಪಾಲು ನಮ್ಮ ಮನೆಯದೇ ಎಂಬುದು ನೆರೆಕರೆಯವರಿಗೆಲ್ಲ ತಿಳಿದ ಸಂಗತಿ. ಅಕ್ಕಪಕ್ಕದ ಎರಡು ಖೋಲಿಗಳಲ್ಲಿ ನಮ್ಮ ಮೂವರು, ತಮ್ಮನ ಇಬ್ಬರು, ಹೀಗೆ ಐವರು ಮಕ್ಕಳಿದ್ದಾರೆ. ಹಿರಿಯವನಿಗೆ ಹದಿಮೂರು, ಕಿರಿಯವಳಿಗೆ ಆರು. ಐವರೂ ಏಕಕಾಲದಲ್ಲಿ ಸುಮ್ಮನಿರುವುದು ನಿದ್ರೆಯಲ್ಲಿ ಮಾತ್ರ. ಅದರಲ್ಲೂ ಒಬ್ಬನು ಕನವರಿಸುತ್ತಾನೆ.

ಆದರೆ ಸಿಟ್ಟು ಇಳಿದ ಬಳಿಕ ಇನ್ನೊಂದು ಮಾತು ಹೊಳೆಯಿತು. ಚಾಳಿನ ಗೋಡೆಗೆ ಈ ಫಲಕ ಬಂದುದು ಕಳೆದ ವಾರ. ನಮ್ಮ ಮನೆಯೊಳಗೆ ಅದು ಹಲವು ವರ್ಷಗಳಿಂದ ತೂಗುತ್ತಲೇ ಇದೆ. ಅದೂ ಶುದ್ಧ ಕನ್ನಡದಲ್ಲಿ. ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಕಿವಿಯ ಮೇಲೆ ಅತ್ಯಂತ ಹೆಚ್ಚು ಬಾರಿ ಬೀಳುವ ಕನ್ನಡ ವಾಕ್ಯ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಅಳುಕಿಲ್ಲದೆ ಉತ್ತರಿಸಬಲ್ಲೆವು: ‘ಗಲಾಟೆ ಮಾಡಬೇಡಿ.’ ಇಂದು ವಾಚಕ ಬಂಧುಗಳ ಮುಂದೆ ಇಡಬೇಕೆಂದಿರುವ ವಿಚಾರ ಇದೇ.

ಹಲವು ಮಕ್ಕಳಿರುವ ಸಂಸಾರ ಈಗ ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಒಬ್ಬ ಸ್ತ್ರೀ ಹೆರುವ ಮಕ್ಕಳ ಸರಾಸರಿ ಸಂಖ್ಯೆ 1.7. ಎಂದರೆ ನಮ್ಮ ಜನ್ಮಭೂಮಿಯೂ ಕರ್ಮಭೂಮಿಯೂ ಈ ವಿಷಯದಲ್ಲಿ ಸರಿಸಮ. ಒಡಹುಟ್ಟಿದವರ ಗದ್ದಲ ಕಡಿಮೆಯಾಗಿರುವ ಈ ಕಾಲದಲ್ಲಿ ಐವರನ್ನು ಕರೆದುಕೊಂಡು ಚೌಪಾಟಿಗೆ ಹೊರಟರೆ ದಾರಿಹೋಕರು ತಿರುಗಿ ನೋಡುತ್ತಾರೆ. ಮಲಬಾರ್ ಹಿಲ್ಲಿನ ಕಮಲಾ ನೆಹರೂ ಉದ್ಯಾನದಲ್ಲಿರುವ ಬೂಟಿನ ಮನೆಯನ್ನು ಮುಂಬಯಿಯಲ್ಲಿ ಬೆಳೆದ ಮಕ್ಕಳೆಲ್ಲ ಬಲ್ಲರು. ಬೂಟಿನೊಳಗೆ ಸಂಸಾರ ಹೂಡಿ, ಲೆಕ್ಕವಿಲ್ಲದಷ್ಟು ಮಕ್ಕಳನ್ನು ಸಂಭಾಳಿಸಲಾರದೆ ಒದ್ದಾಡಿದ ಇಂಗ್ಲಿಷ್ ಶಿಶುಗೀತೆಯ ಅಜ್ಜಿಯ ಮನೆ ಅದು. ಅದನ್ನು ನೋಡಿದಾಗಲೆಲ್ಲ ನಮ್ಮ ಮನೆಯಾಕೆ ನಗುತ್ತಾ, ‘ಆ ಅಜ್ಜಿಗೆ ಬೂಟಾದರೂ ಸ್ವಂತದ್ದಿತ್ತು, ನಮ್ಮದು ಪಗಡಿಯದ್ದು’ ಎನ್ನುವುದುಂಟು.

ಇಂಥ ಮನೆಯ ದಿನಚರಿಯನ್ನು ವರ್ಣಿಸುವುದು ಸುಲಭವಲ್ಲ. ಬೆಳಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಒಬ್ಬನಿಗೆ ಕಾಲುಚೀಲ ಸಿಗುವುದಿಲ್ಲ. ಒಬ್ಬಳಿಗೆ ಜಡೆ ಸರಿಯಾಗಿಲ್ಲ. ಒಬ್ಬನ ದೋಸೆ ಇನ್ನೊಬ್ಬನ ತಟ್ಟೆಗೆ ಬಿದ್ದುದಕ್ಕೆ ನ್ಯಾಯಪಂಚಾಯಿತಿ ನಡೆಯಬೇಕು. ಮಧ್ಯಾಹ್ನ ಶಾಲೆಯಿಂದ ಮರಳಿದ ಮೇಲೆ ಖೋಲಿಯೇ ಕ್ರಿಕೆಟ್ ಮೈದಾನ, ಕಪಾಟೇ ವಿಕೆಟ್ಟು. ಸಂಜೆ ಗ್ಯಾಲರಿಯಲ್ಲಿ ಲಗೋರಿ. ರಾತ್ರಿ ಹಾಸಿಗೆ ಹಾಸಿದ ಮೇಲೆ ಕಿಟಕಿಯ ಬಳಿ ಮಲಗುವವರು ಯಾರು ಎಂಬ ಮಹಾಯುದ್ಧ. ಇಷ್ಟನ್ನೂ ನಿಭಾಯಿಸುವವರು ಇಬ್ಬರು ಗೃಹಿಣಿಯರು. ಗಂಡಸರು ಎಲ್ಲಿ ಎಂದು ಕೇಳಿದರೆ, ಹೊಟೇಲಿನಲ್ಲಿ ಎಂಬುದೇ ಉತ್ತರ. ಬೆಳಗ್ಗೆ ಐದಕ್ಕೆ ಬಾಗಿಲು ತೆರೆಯುವವನು ಮಕ್ಕಳು ಏಳುವ ಮುನ್ನ ಹೋಗಿ, ಮಕ್ಕಳು ಮಲಗಿದ ಮೇಲೆ ಬರುತ್ತಾನೆ. ಈ ಅಂಕಣದ ಮೇಜಿಗೆ ಬರುವ ಮುನ್ನ ಗಲ್ಲಾಪೆಟ್ಟಿಗೆಯ ಹಿಂದೆ ಹಲವು ವರ್ಷ ಕುಳಿತ ನಾವು ಇದನ್ನು ಪರರ ದೋಷವೆಂದು ಬರೆಯುತ್ತಿಲ್ಲ.

ನಮಗೆ ಕಣ್ಣು ತೆರೆದುದು 2020ರಲ್ಲಿ. ಆ ವರ್ಷದ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆಯಿತು. ಗಿರಾಕಿಗಳನ್ನು ಒಳಗೆ ಕೂರಿಸಿ ಬಡಿಸಲು ಮಹಾರಾಷ್ಟ್ರದ ಹೊಟೇಲುಗಳಿಗೆ ಮತ್ತೆ ಅನುಮತಿ ದೊರೆತುದು ಅಕ್ಟೋಬರ್ 5ರಂದು. ಆ ಆರು ತಿಂಗಳು ನಾವು ಮಕ್ಕಳೊಂದಿಗೆ ಮನೆಯಲ್ಲಿದ್ದೆವು. ಮದುವೆಯಾದಂದಿನಿಂದ ಅಷ್ಟು ಕಾಲ ಮನೆಯಲ್ಲಿದ್ದುದು ಅದೇ ಮೊದಲು. ಗದ್ದಲ ತಾಳಲಾರದೆ ಮೊದಲ ವಾರವಿಡೀ ಗದರಿದೆವು. ಒಂದು ದಿನ ಮನೆಯಾಕೆ ಶಾಂತವಾಗಿ ಹೇಳಿದಳು: ‘ಹೊಟೇಲಿನಲ್ಲಿ ಗಿರಾಕಿಗಳು ಗಲಾಟೆ ಮಾಡಿದರೆ ವ್ಯಾಪಾರ ಚೆನ್ನಾಗಿದೆ ಅಂತೀರಿ. ಮನೆಯಲ್ಲಿ ಮಕ್ಕಳು ಮಾಡಿದರೆ ಮಾತ್ರ ತಲೆನೋವು ಅಂತೀರಿ.’ ಹೊಟೇಲು ನಡೆಸಿದವನಿಗೆ ಇದಕ್ಕಿಂತ ನೇರವಾದ ಮಾತು ಬೇಕೆ? ಸದ್ದಿಲ್ಲದ ಹೊಟೇಲು ದಿವಾಳಿಯೆದ್ದ ಹೊಟೇಲು ಎಂಬುದನ್ನು ನಾವು ಬಲ್ಲೆವು. ಸದ್ದಿಲ್ಲದ ಮನೆಯ ಬಗ್ಗೆ ಯೋಚಿಸಿರಲಿಲ್ಲ, ಅಷ್ಟೇ.

ಅದೇ ದಿನಗಳಲ್ಲಿ ಕುಂದಾಪುರದ ಕಡೆಯ ನಮ್ಮ ಊರಿನಿಂದ ತಾಯಿಯವರ ಫೋನು ಬರುತ್ತಿತ್ತು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಮಾತನಾಡಿಸುತ್ತಿದ್ದರು. ಮಕ್ಕಳು ‘ಹೂಂ’, ‘ಊಟ ಆಯ್ತು’, ‘ಹುಷಾರಿದ್ದೇನೆ’ ಎಂದು ಹೇಳಿ ಫೋನನ್ನು ಮುಂದಿನವರ ಕೈಗೆ ದಾಟಿಸುತ್ತಿದ್ದರು. ಒಂದು ಸಂಜೆ ಅವರು ನಮ್ಮನ್ನು ಕೇಳಿದರು: ‘ಮಕ್ಕಳು ಎಂತಕ್ಕೆ ಹೀಂಗೆ? ಒಂದು ಗಲಾಟಿಯೂ ಇಲ್ಲೆ.’ ಫೋನಿಟ್ಟ ಮರುಕ್ಷಣವೇ ಆ ಮಕ್ಕಳು ಚಾಳು ಹಾರಿಹೋಗುವಂತೆ ಕೂಗಾಡುತ್ತಿದ್ದರು, ಆದರೆ ಹಿಂದಿಯಲ್ಲಿ. ಜಗಳ ಹಿಂದಿಯಲ್ಲಿ, ನಗೆಯ ಚಟಾಕಿ ಹಿಂದಿಯಲ್ಲಿ, ಗುಟ್ಟು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅವರಿಗೆ ವಿಧೇಯವಾಗಿ ಇರಲು ಮಾತ್ರ ಬರುತ್ತಿತ್ತು.

ಗಲ್ಲಾದ ಮೇಲೆ ಕುಳಿತವನಿಗೆ ಲೆಕ್ಕವಿಲ್ಲದೆ ಯಾವುದೂ ಮನದಟ್ಟಾಗದು. ಹೊಟೇಲಿನ ಒಂದು ಬಿಲ್ ಪುಸ್ತಕವನ್ನು ತೆಗೆದುಕೊಂಡು, ಬೆಳಗ್ಗೆಯಿಂದ ರಾತ್ರಿಯವರೆಗೆ ನಾವು ಮಕ್ಕಳೊಂದಿಗೆ ಆಡಿದ ಕನ್ನಡ ವಾಕ್ಯಗಳನ್ನು ಒಂದು ದಿನ ಬರೆದಿಟ್ಟೆವು. ಒಟ್ಟು 62 ವಾಕ್ಯಗಳು. ಅವುಗಳಲ್ಲಿ 51 ಅಪ್ಪಣೆ ಇಲ್ಲವೆ ನಿಷೇಧ: ಕೂತುಕೋ, ಏಳು, ತಿನ್ನು, ಮುಟ್ಟಬೇಡ, ಓಡಬೇಡ, ಸುಮ್ಮನಿರು. ಏಳು ಪ್ರಶ್ನೆಗಳು, ಹಲ್ಲುಜ್ಜಿದೆಯಾ, ಪಾಠ ಬರೆದೆಯಾ ಎಂಬ ಇವೂ ಪ್ರಶ್ನೆಯ ವೇಷದ ಅಪ್ಪಣೆಗಳೇ. ಉಳಿದ ನಾಲ್ಕರಲ್ಲಿ ಒಂದು ಮಾತ್ರ ಮಗು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ. ‘ಅಪ್ಪ, ನೀನು ಚಿಕ್ಕವನಿದ್ದಾಗ ನಿನಗೆ ಬಯ್ಯುತ್ತಿದ್ದರಾ?’ ಎಂಬುದು ಹಿರಿಯವನ ಪ್ರಶ್ನೆಯಾಗಿತ್ತು. ಅವನು ಅದನ್ನು ಕೇಳಿದ್ದು ಹಿಂದಿಯಲ್ಲಿ. ಮಾವಿನಕಾಯಿಗೆ ಕಲ್ಲೆಸೆಯಲು ಹೋಗಿ ಕೆರೆಗೆ ಬಿದ್ದ ನಮ್ಮ ಪ್ರಸಂಗವನ್ನು ಕನ್ನಡದಲ್ಲಿ ಹೇಳಿದೆವು. ಅದೊಂದು ಉತ್ತರಕ್ಕೆ ಮಕ್ಕಳು ಹನ್ನೊಂದು ಮರುಪ್ರಶ್ನೆ ಹಾಕಿದರು. ಅವುಗಳಲ್ಲಿ ಆರು ತಮ್ಮಷ್ಟಕ್ಕೆ ಕನ್ನಡದಲ್ಲಿ ಬಂದವು. ಆ ಬಿಲ್ಲು ಇಂದಿಗೂ ನಮ್ಮ ಬಳಿ ಇದೆ.

ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ನಮ್ಮ ಸಭೆಗಳಲ್ಲಿ ವಿಷಾದ ವ್ಯಕ್ತವಾಗದ ದಿನವಿಲ್ಲ. ಶಾಲೆಯನ್ನು ದೂರುತ್ತೇವೆ, ಟಿ.ವಿ.ಯನ್ನು ದೂರುತ್ತೇವೆ, ಮೊಬೈಲನ್ನು ದೂರುತ್ತೇವೆ. ಇವೆಲ್ಲಕ್ಕೂ ಪಾಲಿರುವುದು ನಿಜ. ಆದರೆ ಮಗುವಿನ ದೃಷ್ಟಿಯಿಂದ ಒಮ್ಮೆ ಯೋಚಿಸೋಣ. ಆಟ ಒಂದು ಭಾಷೆಯಲ್ಲಿ, ಕತೆ ಇನ್ನೊಂದರಲ್ಲಿ, ಗೆಳೆತನ ಮತ್ತೊಂದರಲ್ಲಿ ದೊರೆತು, ಗದರಿಕೆ ಮಾತ್ರ ಕನ್ನಡದಲ್ಲಿ ದೊರೆತರೆ, ಆ ಮಗು ಯಾವ ಭಾಷೆಯನ್ನು ಬಿಟ್ಟುಕೊಟ್ಟೀತು? ಪೋಲೀಸನ ಭಾಷೆಯನ್ನು ಪ್ರೀತಿಸುವವರು ಯಾರು? ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ಬಂಧುಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ನಾವೇಕೆ ಹೀಗಾದೆವು ಎಂಬುದಕ್ಕೂ ಒಂದು ಕಾರಣವುಂಟು. ಈ ಮಹಾನಗರಿಯ ನಮ್ಮ ಹೊಟೇಲು ಉದ್ಯಮವನ್ನು ಕಟ್ಟಿದ ಹಿರಿಯರಲ್ಲಿ ಅನೇಕರು ಹತ್ತು ಹನ್ನೆರಡರ ಪ್ರಾಯದಲ್ಲಿಯೇ ಊರು ಬಿಟ್ಟು ಬಂದು, ಹಗಲು ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಗಲಾಟೆ ಮಾಡಿದರೆ ಕೆಲಸ ಹೋಗುವುದೆಂಬ ಭಯದಲ್ಲಿ ಅವರ ಬಾಲ್ಯ ಕಳೆಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಹೊಟೇಲುಗಳಲ್ಲಿ ದುಡಿಯುವುದನ್ನು ಸರಕಾರ ನಿಷೇಧಿಸಿದುದು 2006ರ ಅಕ್ಟೋಬರ್ 10ರಿಂದ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಬಂದುದರಿಂದ ನಮಗೆ ಆಡಲು ಹದಿನಾರು ವರ್ಷಗಳು ದೊರೆತಿದ್ದವು. ನಮಗೆ ಕೆಲಸ ಕಲಿಸಿದವರಿಗೆ ಅದೂ ದೊರೆತಿರಲಿಲ್ಲ. ಸುಮ್ಮನಿದ್ದುದರಿಂದ ಬದುಕಿಕೊಂಡ ತಲೆಮಾರು ಸುಮ್ಮನಿರಿಸುವುದನ್ನೇ ಸಂಸ್ಕಾರವೆಂದು ತಿಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ನಾವು ದೂರುವುದಿಲ್ಲ. ಆದರೆ ಅವರು ಅಷ್ಟು ಕಷ್ಟಪಟ್ಟುದು ನಮ್ಮ ಮಕ್ಕಳೂ ಬಾಯಿ ಮುಚ್ಚಿಕೊಂಡಿರಲಿ ಎಂದೇನು?

ಆಟವೂ ಭಾಷೆಯೂ ಬೇರೆ ಬೇರೆಯಲ್ಲ ಎಂಬುದನ್ನು ಲೋಕವೇ ಒಪ್ಪಿದೆ. 1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ, 1992ರಲ್ಲಿ ಭಾರತವೂ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿ, ಅಲ್ಪಸಂಖ್ಯಾತ ಸಮುದಾಯದ ಮಗುವಿಗೆ ತನ್ನ ಭಾಷೆಯನ್ನು ಬಳಸುವ ಹಕ್ಕನ್ನು ಕೊಡುತ್ತದೆ. ಅದರ ಪಕ್ಕದ 31ನೆಯ ವಿಧಿ ಆಡುವ ಹಕ್ಕನ್ನು ಕೊಡುತ್ತದೆ. ನಮ್ಮ ಜಿಲ್ಲೆಯ ಹಿರಿಯರು ಇದನ್ನು ಒಡಂಬಡಿಕೆಗಿಂತ ಬಹಳ ಮೊದಲೇ ಅರಿತಿದ್ದರು. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಹಾಡು ಕತೆಗಳನ್ನು ಬರೆದರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕ, ಕುಣಿತಗಳ ಮೂಲಕವೇ ಪಾಠ ಹೇಳಹೊರಟರು.

ನಮ್ಮ ತಾಯಿಯವರು ಇವೊಂದನ್ನೂ ಓದಿದವರಲ್ಲ. ಸಂಚಾರ ಸರಿಹೋದ ಮೇಲೆ ಒಂದು ಮಳೆಗಾಲದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಮುಂಬಯಿಗೆ ಬಂದರು. ಚೀಲದಲ್ಲಿ ಹಪ್ಪಳ ಸಂಡಿಗೆಯ ಜೊತೆಗೆ ಹಳೆಯ ಚೆನ್ನೆಮಣೆಯೊಂದಿತ್ತು. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು. ಗುಳಿಗೆ ನಾಲ್ಕರಂತೆ 56 ಕಾಳುಗಳು. ಮೊದಲ ದಿನ ಮಕ್ಕಳು ಮೊಬೈಲಿನಿಂದ ತಲೆಯೆತ್ತಲಿಲ್ಲ. ಎರಡನೆಯ ದಿನ ಅಜ್ಜಿ ಬೇಕೆಂದೇ ಹುಸಿ ಲೆಕ್ಕ ಹಾಕಿ ಗೆದ್ದರು. ಅಷ್ಟೇ ಸಾಕಾಯಿತು, ಐವರೂ ಮಣೆಯ ಸುತ್ತ ಬಂದು ಕುಳಿತರು. ಅಜ್ಜಿಗೆ ಹಿಂದಿ ಬಾರದು. ಅವರ ಮೋಸವನ್ನು ಸಾಬೀತುಪಡಿಸಬೇಕಾದರೆ ಮಕ್ಕಳು ಕನ್ನಡದಲ್ಲಿಯೇ ಎಣಿಸಬೇಕಾಯಿತು, ಕನ್ನಡದಲ್ಲಿಯೇ ವಾದಿಸಬೇಕಾಯಿತು. ತಿಂಗಳು ತುಂಬುವುದರೊಳಗೆ ನಮ್ಮ ಮನೆಯಲ್ಲಿ ಮೊಟ್ಟಮೊದಲ ಬಾರಿಗೆ ಕನ್ನಡದಲ್ಲಿ ಜಗಳ ನಡೆಯಿತು. ಆ ದಿನ ನಾವು ಪಟ್ಟ ಸಂತೋಷವನ್ನು ಬರಿಯ ಮಾತಿನಲ್ಲಿ ಹೇಳಲಾರೆವು. ತಾಯಿಯವರು ಇದ್ದ ಎರಡು ತಿಂಗಳಲ್ಲಿ ಅವರ ಬಾಯಿಂದ ‘ಗಲಾಟೆ ಮಾಡಬೇಡಿ’ ಎಂಬ ಮಾತು ಬಂದುದನ್ನು ನಾವು ಕೇಳಲಿಲ್ಲ.

ನಮ್ಮ ಮಾತನ್ನು ತಪ್ಪು ತಿಳಿಯಬಾರದು. ಮರಾಠಿ ಈ ನೆಲದ ಭಾಷೆ. ಅದನ್ನು ನಮ್ಮ ಮಕ್ಕಳು ಗೌರವದಿಂದ ಕಲಿಯಲೇಬೇಕು. ಇಂಗ್ಲಿಷು ಅನ್ನದ ದಾರಿ. ಹಿಂದಿ ಗೆಳೆಯರ ಭಾಷೆ. ಇವುಗಳ ಮೇಲೆ ನಮಗೆ ಮುನಿಸಿಲ್ಲ. ಹಾಗೆಯೇ ಚಾಳಿನಲ್ಲಿ ಕಾಯಿಲೆಯವರಿದ್ದಾರೆ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿದ್ದಾರೆ, ಪರೀಕ್ಷೆಗೆ ಓದುವವರಿದ್ದಾರೆ. ಅವರ ನೆಮ್ಮದಿಯನ್ನು ಮಕ್ಕಳು ಗಮನಿಸುವಂತೆ ಕಲಿಸುವುದು ತಂದೆತಾಯಿಗಳ ಕರ್ತವ್ಯ. ಹೊತ್ತುಗೊತ್ತು ಕಲಿಸುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ.

ಮಾಡಬೇಕಾದುದೇನು? ಹೊಟೇಲಿನವರಿಗೆ ಪುರುಸೊತ್ತೆಲ್ಲಿ ಎಂದು ಕೇಳುವವರುಂಟು. ಗಿರಾಕಿ ಕಡಿಮೆಯಿರುವ ಮಧ್ಯಾಹ್ನದ ಒಂದು ಗಂಟೆಯಲ್ಲಿ ಅರ್ಧ ಗಂಟೆಯನ್ನು ಮಕ್ಕಳಿಗೆ ಕೊಡಲಾರದಷ್ಟು ಬಡವರೇನೂ ನಾವಲ್ಲ. ಆ ಅರ್ಧ ಗಂಟೆಯಲ್ಲಿ ಪಾಠದ ಮಾತು ಬೇಡ, ಅಪ್ಪಣೆ ಬೇಡ. ನಮ್ಮ ಬಾಲ್ಯದ ಪೋಕರಿತನಗಳನ್ನು ಹೇಳಿದರೂ ಸಾಕು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ನಾಲ್ಕು ದಿನದ ಮದುವೆ ಊಟಕ್ಕಷ್ಟೇ ಊರಿಗೆ ಕರೆದೊಯ್ಯದೆ, ಅಜ್ಜಿ ಅಜ್ಜಂದಿರ ಬಳಿ ತಿಂಗಳ ಮಟ್ಟಿಗಾದರೂ ಬಿಟ್ಟುಬರೋಣ. ನಮ್ಮ ಸಂಘಸಂಸ್ಥೆಗಳು ಮಕ್ಕಳನ್ನು ವೇದಿಕೆ ಹತ್ತಿಸಿ, ಬಾಯಿಪಾಠ ಒಪ್ಪಿಸಿ, ಬಹುಮಾನ ಕೊಟ್ಟು ಕಳುಹಿಸುವುದನ್ನು ಬಲ್ಲವು; ಅದು ಮುಂದುವರಿಯಲಿ. ಅದರ ಜೊತೆಗೆ ಭಾಷಣವಿಲ್ಲದ, ಬಹುಮಾನವಿಲ್ಲದ, ಕನ್ನಡದಲ್ಲಿ ಮನಸಾರೆ ಕಿರುಚಾಡಬಹುದಾದ ಒಂದು ಭಾನುವಾರದ ಆಟದ ಹೊತ್ತನ್ನೂ ಏರ್ಪಡಿಸಲಿ ಎಂದು ನಾವು ಸೂಚಿಸುತ್ತೇವೆ.

1835ರಿಂದ 1838ರವರೆಗೆ ಮುಂಬಯಿಯ ಗವರ್ನರನಾಗಿದ್ದ ರಾಬರ್ಟ್ ಗ್ರಾಂಟನ ಹೆಸರನ್ನು ಹೊತ್ತಿದ್ದ ನಮ್ಮ ರಸ್ತೆಗೆ ಈಗ ಮೌಲಾನಾ ಶೌಕತ್ ಅಲಿಯವರ ಹೆಸರಿದೆ. ಆದರೂ ಜನ ಗ್ರಾಂಟ್ ರೋಡ್ ಎಂದೇ ಕರೆಯುತ್ತಾರೆ. ಮಾತು ಉಳಿಯುವುದು ಫಲಕದ ಮೇಲಲ್ಲ, ಬಾಯಿಯಲ್ಲಿ. ಚಾಳಿನ ಗ್ಯಾಲರಿಯ ಫಲಕದ ಬಗ್ಗೆ ನೆರೆಕರೆಯವರೊಂದಿಗೆ ನಾವು ಮಾತನಾಡಿದ್ದೇವೆ. ಸಂಜೆ ಐದರಿಂದ ಏಳರವರೆಗೆ ಮಕ್ಕಳಿಗೆ ಬಿಟ್ಟುಕೊಡುವಂತೆ ಕೇಳಿಕೊಂಡಿದ್ದೇವೆ. ಅವರು ಯೋಚಿಸಿ ಹೇಳುವುದಾಗಿ ತಿಳಿಸಿದ್ದಾರೆ. ನಮ್ಮ ಮನೆಯೊಳಗಿನ ಫಲಕವನ್ನು ಇಳಿಸಲು ಮಾತ್ರ ಯಾರ ಅನುಮತಿಯೂ ಬೇಕಿಲ್ಲ.

ಈ ಸಾಲುಗಳನ್ನು ಬರೆಯುತ್ತಿರುವಾಗಲೂ ಪಕ್ಕದ ಖೋಲಿಯಿಂದ ಭಾರಿ ಸದ್ದು ಕೇಳಿಬರುತ್ತಿದೆ. ಯಾವುದೋ ಪಾತ್ರೆ ಬಿದ್ದಿರಬೇಕು. ಎದ್ದು ಹೋಗಿ ಗದರುವ ಮುನ್ನ, ಯಾರು ಬೀಳಿಸಿದರು, ಹೇಗೆ ಬೀಳಿಸಿದರು ಎಂಬ ಕತೆಯನ್ನು ಅವರ ಬಾಯಿಂದಲೇ ಕನ್ನಡದಲ್ಲಿ ಕೇಳಬೇಕೆಂದು ನಿಶ್ಚಯಿಸಿದ್ದೇವೆ.