ರಸ್ತೆಯಲ್ಲಿ ನಡೆಯುವವರಿಗೂ ಪಾಲಿದೆ

ಕಳೆದ ಒಂದೂವರೆ ದಶಕದಲ್ಲಿ ಮಂಗಳೂರಿನ ರಸ್ತೆಗಳ ಮುಖಚರ್ಯೆಯೇ ಬದಲಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಹಲವೆಡೆ ಡಾಮರು ಹೋಗಿ ಕಾಂಕ್ರೀಟು ಬಂದಿದೆ, ಓಣಿಯಂತಿದ್ದ ರಸ್ತೆಗಳು ಅಗಲವಾಗಿವೆ. 2016ರ ಸೆಪ್ಟೆಂಬರ್‌ನಲ್ಲಿ ನಗರವು ಕೇಂದ್ರ ಸರಕಾರದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2025ರ ಮಾರ್ಚ್ 31ಕ್ಕೆ ಆ ಯೋಜನೆಯ ಅವಧಿ ಮುಗಿಯಿತು. ಈ ನಡುವೆ ಹಂಪನಕಟ್ಟೆಯ ಬಳಿ ಗಡಿಯಾರ ಗೋಪುರ ಮತ್ತೆ ಎದ್ದು ನಿಂತಿತು, ಪುರಭವನದ ಬಳಿ ಪಾದಚಾರಿಗಳಿಗೆ ಸುರಂಗ ದಾರಿಯಾಯಿತು, ಅನೇಕ ರಸ್ತೆಗಳ ಬದಿಗೆ ಇಂಟರ್‌ಲಾಕ್ ಹಾಸಿದ ಫುಟ್‌ಪಾತ್ ಬಂತು. ಇಷ್ಟೆಲ್ಲ ಆದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ. ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ಬಸ್ಸಿನಿಂದ ಇಳಿದು, ರಸ್ತೆ ದಾಟಿ, ಚರ್ಚಿಗೋ ಆಸ್ಪತ್ರೆಗೋ ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಬಲ್ಲರೇ?

ಈ ಪ್ರಶ್ನೆಗೆ ಧೈರ್ಯದಿಂದ ಹೌದೆನ್ನಲು ಸಾಧ್ಯವಿಲ್ಲ. ಅದು ಮಂಗಳೂರಿನ ಸಮಸ್ಯೆ ಮಾತ್ರವೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. 2023ರಲ್ಲಿ ಸತ್ತವರ ಸಂಖ್ಯೆ 1,72,890ಕ್ಕೂ, ಪಾದಚಾರಿಗಳ ಸಂಖ್ಯೆ 35,221ಕ್ಕೂ ಏರಿತು. ಅಂದರೆ ರಸ್ತೆಯಲ್ಲಿ ಪ್ರಾಣ ಬಿಡುವ ಐವರಲ್ಲಿ ಒಬ್ಬರು ಯಾವ ವಾಹನವನ್ನೂ ಓಡಿಸುತ್ತಿರಲಿಲ್ಲ, ಯಾವ ವಾಹನದಲ್ಲೂ ಕುಳಿತಿರಲಿಲ್ಲ. ಹೆಲ್ಮೆಟ್, ಸೀಟ್ ಬೆಲ್ಟ್ ಕುರಿತ ಪ್ರಚಾರ ಅಗತ್ಯವೇ. ಆದರೆ ನಡೆಯುವವರನ್ನು ಅದು ರಕ್ಷಿಸಲಾರದು. ಅವರನ್ನು ರಕ್ಷಿಸಬೇಕಾದದ್ದು ರಸ್ತೆಯ ವಿನ್ಯಾಸ ಮತ್ತು ವಾಹನದ ವೇಗ.

ನಮ್ಮ ಊರಿನಲ್ಲಿ ಬಸ್ಸಿನಲ್ಲಿ ಓಡಾಡುವ ಪ್ರತಿಯೊಬ್ಬರೂ ಪಾದಚಾರಿಗಳೇ ಎಂಬುದನ್ನು ಯೋಜನೆ ರೂಪಿಸುವವರು ಮರೆಯುವುದುಂಟು. ಮನೆಯಿಂದ ನಿಲ್ದಾಣದವರೆಗೆ ಒಮ್ಮೆ, ಇಳಿದ ಮೇಲೆ ಇನ್ನೊಮ್ಮೆ ಅವರು ನಡೆಯಲೇಬೇಕು. ಹೋಗುವಾಗ ರಸ್ತೆಯ ಒಂದು ಬದಿಯಲ್ಲಿ ಬಸ್ಸು ಹತ್ತಿದವರು ಬರುವಾಗ ಇನ್ನೊಂದು ಬದಿಯಲ್ಲಿ ಇಳಿಯುತ್ತಾರೆ. ಹಾಗಾಗಿ ದಿನಕ್ಕೊಮ್ಮೆಯಾದರೂ ಅವರು ಆ ರಸ್ತೆಯನ್ನು ದಾಟಲೇಬೇಕು. ಶಾಲಾ ಮಕ್ಕಳು, ಮನೆಗೆಲಸಕ್ಕೆ ಹೋಗುವ ಮಹಿಳೆಯರು, ಮೀನು ಮಾರುವವರು, ಆಸ್ಪತ್ರೆಗೆ ಬರುವ ಹಳ್ಳಿಯ ರೋಗಿಗಳು ಎಲ್ಲರೂ ಈ ಲೆಕ್ಕದಲ್ಲಿ ಬರುತ್ತಾರೆ. ಫುಟ್‌ಪಾತ್ ಎಂದರೆ ಸಂಜೆಯ ವಾಯುಸೇವನೆಗೆ ಮಾಡಿಕೊಡುವ ಅನುಕೂಲವಲ್ಲ. ಕಾರಿಲ್ಲದವರು ದುಡಿಮೆಗೆ ಹೋಗುವ ದಾರಿ ಅದು.

ರಸ್ತೆ ಅಗಲವಾದಾಗ ಏನಾಗುತ್ತದೆ ಎಂಬುದನ್ನು ಸರಳ ಲೆಕ್ಕದಿಂದಲೇ ತಿಳಿಯಬಹುದು. ಆರೋಗ್ಯವಂತರು ಒಂದು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ. ಏಳು ಮೀಟರ್ ಅಗಲದ ಹಳೆಯ ರಸ್ತೆ ದಾಟಲು ಅವರಿಗೆ ಆರು ಸೆಕೆಂಡು ಸಾಕು. ರಸ್ತೆ ಚತುಷ್ಪಥವಾಗಿ 14 ಮೀಟರ್ ಆದಾಗ 12 ಸೆಕೆಂಡು ಬೇಕು. ಸೆಕೆಂಡಿಗೆ 0.8 ಮೀಟರ್‌ನಂತೆ ಹೆಜ್ಜೆ ಹಾಕುವ ವೃದ್ಧರಿಗೆ ಹದಿನೇಳಕ್ಕೂ ಹೆಚ್ಚು ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 60 ಕಿ.ಮೀ. ವೇಗದ ಬಸ್ಸು 290 ಮೀಟರ್ ಕ್ರಮಿಸಿರುತ್ತದೆ. ಅಷ್ಟು ದೂರದಲ್ಲಿರುವ, ತಿರುವಿನಾಚೆ ಇನ್ನೂ ಕಣ್ಣಿಗೇ ಬೀಳದ ಬಸ್ಸನ್ನು ಆ ವೃದ್ಧರು ಅಂದಾಜು ಮಾಡಬೇಕೆಂದು ನಾವು ನಿರೀಕ್ಷಿಸುತ್ತಿದ್ದೇವೆ! ನಡುವೆ ನಿಂತು ಉಸಿರು ಬಿಡಲು ಸುರಕ್ಷಿತ ಕಟ್ಟೆಯೊಂದಿದ್ದರೆ ಈ ಹೊರೆ ಅರ್ಧಕ್ಕಿಳಿಯುತ್ತದೆ, ಏಕೆಂದರೆ ಒಮ್ಮೆಗೆ ಒಂದೇ ಕಡೆಯ ವಾಹನಗಳನ್ನು ನೋಡಿದರೆ ಸಾಕು. ಮೇಲ್ಸೇತುವೆಗೆ ಹೋಲಿಸಿದರೆ ಅದಕ್ಕೆ ತಗಲುವ ವೆಚ್ಚ ತೀರಾ ಅಲ್ಪ.

ವೇಗದ ಲೆಕ್ಕವೂ ಹೀಗೆಯೇ. ಅಡ್ಡ ಬಂದವರನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಚಾಲಕನಿಗೆ ಒಂದು ಸೆಕೆಂಡು ಬೇಕೆಂದುಕೊಂಡರೂ, 50 ಕಿ.ಮೀ. ವೇಗದ ವಾಹನ ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಮುಂದೆ ಬಂದಿರುತ್ತದೆ; 30 ಕಿ.ಮೀ. ವೇಗದಲ್ಲಿದ್ದರೆ 8 ಮೀಟರ್ ಮಾತ್ರ. ಕಾರಿನ ವೇಗ 50ರಿಂದ 65 ಕಿ.ಮೀ.ಗೆ ಏರಿದರೆ ಅದರ ಮುಂಭಾಗಕ್ಕೆ ಸಿಕ್ಕ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಂಡಗಳಿದ್ದ ಕಾಲದಲ್ಲಿ ವೇಗಕ್ಕೆ ತಾನಾಗಿಯೇ ಕಡಿವಾಣವಿತ್ತು. ನುಣುಪಾದ ಕಾಂಕ್ರೀಟು ಆ ಕಡಿವಾಣವನ್ನು ತೆಗೆದಿದೆ. ಹೊಂಡಗಳು ಮರಳಿ ಬರಲಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಶಾಲೆ, ಆಸ್ಪತ್ರೆ, ಪ್ರಾರ್ಥನಾಲಯಗಳ ಮುಂದೆ ವೇಗ ತಗ್ಗಿಸುವ ಬೇರೆ ಏರ್ಪಾಡನ್ನು ಕಾಂಕ್ರೀಟಿನ ಜೊತೆಗೇ ಮಾಡಬೇಕಿತ್ತು. ರಸ್ತೆಯ ಮಟ್ಟಕ್ಕಿಂತ ತುಸು ಎತ್ತರಿಸಿದ ಜೀಬ್ರಾ ದಾಟು ಅಂತಹ ಏರ್ಪಾಡುಗಳಲ್ಲಿ ಒಂದು.

ಇನ್ನು ಫುಟ್‌ಪಾತ್‌ಗಳ ವಿಚಾರ. ಇದಕ್ಕೆ ನಿಯಮಗಳಿಲ್ಲವೆಂದು ಹೇಳುವಂತಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿ ಸೌಲಭ್ಯಗಳಿಗಾಗಿಯೇ ಮಾರ್ಗಸೂಚಿ ಹೊರತಂದಿದೆ. 2012ರ ಆವೃತ್ತಿಯನ್ನು 2022ರಲ್ಲಿ ಪರಿಷ್ಕರಿಸಲಾಗಿದೆ. ಅದರ ಪ್ರಕಾರ ಯಾವ ಅಡೆತಡೆಯೂ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. 1.8 ಮೀಟರ್ ಎಂದರೆ ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಬಂದರೂ ದಾಟಿಹೋಗುವಷ್ಟು ಜಾಗ. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಮರ, ಜಾಹೀರಾತು ಫಲಕಗಳನ್ನು ಬಿಟ್ಟು ಇಷ್ಟು ಜಾಗ ಸಿಗಬೇಕು. ಹೀಗೆ ಅಳೆದು ನೋಡಿದರೆ ಕಾಗದದಲ್ಲಿ ಎರಡು ಮೀಟರ್ ಇರುವ ಫುಟ್‌ಪಾತ್ ನೆಲದ ಮೇಲೆ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಓದುಗರೇ ತಮ್ಮ ತಮ್ಮ ಬೀದಿಗಳಲ್ಲಿ ಪರೀಕ್ಷಿಸಬಹುದು.

ಕರಾವಳಿಗೆ ವಿಶೇಷವಾದ ತೊಡಕು ಮತ್ತೊಂದಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ರಸ್ತೆ ಬದಿಯ ಚರಂಡಿ ದೊಡ್ಡದಾಗಿಯೇ ಇರಬೇಕು. ಜಾಗ ಉಳಿಸಲು ಆ ಚರಂಡಿಯ ಮೇಲೆ ಚಪ್ಪಡಿ ಹಾಸಿ ಅದನ್ನೇ ಫುಟ್‌ಪಾತ್ ಎನ್ನುವುದು ನಮ್ಮಲ್ಲಿ ರೂಢಿ. ಹೂಳೆತ್ತಲು ಚಪ್ಪಡಿ ಎಬ್ಬಿಸಿದವರು ಅದನ್ನು ಸರಿಯಾಗಿ ಕೂರಿಸದಿದ್ದರೆ, ನೀರಿನ ಕೊಳವೆಗೋ ಕೇಬಲಿಗೋ ಅಗೆದವರು ಮುಚ್ಚದೆ ಹೋದರೆ, ಜೂನ್ ತಿಂಗಳ ಮಳೆಯಲ್ಲಿ ರಸ್ತೆಯೂ ಚರಂಡಿಯೂ ಒಂದೇ ಮಟ್ಟದ ಕೆಂಪು ನೀರಾಗಿ ಕಾಣುತ್ತವೆ. ಆಗ ಕೊಡೆ ಹಿಡಿದವರು ಫುಟ್‌ಪಾತ್ ಬಿಟ್ಟು ರಸ್ತೆಯ ನಡುವಿಗೇ ಬರುತ್ತಾರೆ. ಅದನ್ನು ಪಾದಚಾರಿಗಳ ಅಶಿಸ್ತು ಎಂದು ಬೈಯುವುದು ನ್ಯಾಯವಲ್ಲ.

ಈ ಸಮಸ್ಯೆಗೆ ಬೆಂಗಳೂರಿನಲ್ಲಿ ಒಂದು ಉತ್ತರ ಕಂಡುಕೊಂಡದ್ದುಂಟು. ಟೆಂಡರ್ ಶ್ಯೂರ್ ಎಂಬ ಹೆಸರಿನ ಯೋಜನೆಯಡಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮುಂತಾದ ಕಡೆ ನೀರು, ಒಳಚರಂಡಿ, ವಿದ್ಯುತ್, ದೂರವಾಣಿಯ ಮಾರ್ಗಗಳನ್ನೆಲ್ಲ ಮೊದಲೇ ನೆಲದಡಿ ವ್ಯವಸ್ಥಿತವಾಗಿ ಜೋಡಿಸಿ, ವಾಹನಗಳ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ಉಳಿದ ಜಾಗವನ್ನು ನಡೆಯುವವರಿಗೆ ಕೊಡಲಾಯಿತು. ಖರ್ಚು ಹೆಚ್ಚೆಂಬ ಟೀಕೆ ಆಗಲೇ ಬಂತು, ಅದು ನಿಜವೂ ಹೌದು. ಆದರೆ ಹಾಸಿದ ಕಲ್ಲನ್ನು ಮರುವರ್ಷ ಅಗೆದು ಮತ್ತೆ ಹಾಸುವ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಬೀದಿಗೂ ಅಷ್ಟು ಹಣ ಸುರಿಯಬೇಕಿಲ್ಲ. ಅಗೆಯುವ ಕೆಲಸಗಳನ್ನೆಲ್ಲ ಮುಗಿಸಿದ ಮೇಲೆಯೇ ಹಾಸುವ ಕೆಲಸ ಎಂಬ ಒಂದು ಶಿಸ್ತನ್ನು ಪಾಲಿಸಿದರೂ ಸಾಕು.

ಹಾಗಾದರೆ ತಡೆ ಎಲ್ಲಿದೆ? ನಮ್ಮ ದೃಷ್ಟಿಯಲ್ಲಿ ಮುಖ್ಯ ತಡೆ ಹಣದ್ದಲ್ಲ, ಹೊಣೆಯದ್ದು. ನಗರದೊಳಗಿನ ಬೀದಿ ಪಾಲಿಕೆಯದ್ದು. ತೊಕ್ಕೊಟ್ಟಿನಿಂದ ಪಂಪ್‌ವೆಲ್, ನಂತೂರು, ಕೆಪಿಟಿ, ಕೂಳೂರು ಮೂಲಕ ಸುರತ್ಕಲ್‌ಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ್ದು. ಇನ್ನು ಕೆಲವು ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಸಂಚಾರ ನಿಯಂತ್ರಣ ಪೊಲೀಸರದ್ದು, ಕಂಬ ಮೆಸ್ಕಾಂನದ್ದು. ಹೆದ್ದಾರಿಗೆ ಬೇಕಾದದ್ದು ವಾಹನಗಳು ನಿಲ್ಲದೆ ಓಡುವುದು. ಊರಿಗೆ ಬೇಕಾದದ್ದು ಆಚೆ ಬದಿಗೆ ದಾಟುವುದು. ವರ್ಷಗಟ್ಟಲೆ ಕಾದ ಮೇಲೆ 2020ರ ಜನವರಿ 31ರಂದು ಪಂಪ್‌ವೆಲ್ ಮೇಲ್ಸೇತುವೆ ತೆರೆದಾಗ ವಾಹನ ಸವಾರರು ನಿಟ್ಟುಸಿರು ಬಿಟ್ಟದ್ದು ಸಹಜ. ಆದರೆ ಮೇಲ್ಸೇತುವೆ ದೂರದ ವಾಹನವನ್ನು ಮೇಲಕ್ಕೆತ್ತುತ್ತದೆಯೇ ಹೊರತು, ಕೆಳಗೆ ಎಲ್ಲ ದಿಕ್ಕಿಗೂ ತಿರುಗುವ ಬಸ್ಸುಗಳ ನಡುವೆ ನಡೆಯುವವರಿಗೆ ತಾನಾಗಿ ದಾರಿ ಮಾಡಿಕೊಡುವುದಿಲ್ಲ. ಆ ದಾರಿಯನ್ನು ಬೇರೆಯಾಗಿ ಯೋಜಿಸಬೇಕು.

ಅಪಘಾತ ತಾಣಗಳನ್ನು ಗುರುತಿಸುವ ಕ್ರಮವೂ ಯೋಚಿಸತಕ್ಕದ್ದು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾದರೆ, ಇಲ್ಲವೇ ಹತ್ತು ಜನ ಸತ್ತರೆ ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸುತ್ತಾರೆ. ತಾಣಗಳನ್ನು ಆದ್ಯತೆಯ ಮೇಲೆ ಸರಿಪಡಿಸಲು ಇದು ಉಪಯುಕ್ತ. ಆದರೆ ಅಲ್ಲಿಯವರೆಗೆ ನಾಲ್ಕು ಮನೆಗಳಲ್ಲಿ ಶವಪೆಟ್ಟಿಗೆ ಇಳಿದಿದ್ದರೂ ಆ ಜಾಗ ಪಟ್ಟಿಗೆ ಸೇರಲಿಕ್ಕಿಲ್ಲ. ಅಪಾಯ ಎಲ್ಲಿದೆ ಎಂದು ಸಾವಿಗೆ ಮುಂಚೆ ಹೇಳಬಲ್ಲವರು ಅಲ್ಲಿ ದಿನವೂ ನಡೆಯುವವರು ಮಾತ್ರ. ಅವರನ್ನು ಕೇಳುವ ವ್ಯವಸ್ಥೆ ಬಲವಾಗಬೇಕು.

ಕಾನೂನು ಈಗ ನಡೆಯುವವರ ಪರ ತುಸು ವಾಲಿದೆ ಎಂಬುದು ಸಮಾಧಾನದ ಸಂಗತಿ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 198ಎ ವಿಧಿಯು, ಸುರಕ್ಷತಾ ಮಾನದಂಡ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. 2025ರ ಮೇ 14ರಂದು ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುವ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅದೇ ವರ್ಷದ ಅಕ್ಟೋಬರ್ 7ರಂದು, ಪಾದಚಾರಿಗಳ ಸಂಚಾರ ಹಾಗೂ ರಸ್ತೆ ವಿನ್ಯಾಸ ಕುರಿತ ನಿಯಮಗಳನ್ನು ಆರು ತಿಂಗಳೊಳಗೆ ರೂಪಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ಫುಟ್‌ಪಾತ್ ಕೇಳುವುದು ಇನ್ನು ಬೇಡಿಕೆಯ ಮಾತಲ್ಲ, ಹಕ್ಕಿನ ಮಾತು.

ಆದರೆ ಹಕ್ಕಿನ ಹೆಸರಿನಲ್ಲಿ ಬಡವರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂಬ ಎಚ್ಚರವೂ ಬೇಕು. ಫುಟ್‌ಪಾತ್ ತೆರವು ಎಂದೊಡನೆ ಮೊದಲು ಎತ್ತಂಗಡಿಯಾಗುವುದು ತರಕಾರಿ, ಹೂವು, ಹಣ್ಣು ಮಾರುವವರು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಸಮೀಕ್ಷೆ, ಗುರುತುಚೀಟಿ, ವ್ಯಾಪಾರ ವಲಯ ಎಂಬ ಕ್ರಮವನ್ನು ಹಾಕಿಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಬುಟ್ಟಿ ಇಟ್ಟ ಹೆಂಗಸನ್ನು ಎಬ್ಬಿಸಿ, ಪಕ್ಕದಲ್ಲೇ ಫುಟ್‌ಪಾತ್ ಏರಿ ನಿಂತ ಕಾರನ್ನು ಹಾಗೆಯೇ ಬಿಡುವುದಾದರೆ ಅದು ಪಾದಚಾರಿ ಸುರಕ್ಷತೆ ಅಲ್ಲ.

ಕಾರಿನ ಮಾತು ಬಂದಾಗ ಚರ್ಚ್ ಕಾರ್ಯಕರ್ತರಾದ ನಮಗೂ ಕೆಲಸವಿದೆ. ಭಾನುವಾರದ ಪೂಜೆಗೆ, ಮದುವೆಗೆ, ಶಾಲೆ ಬಿಡುವ ಹೊತ್ತಿಗೆ ನಮ್ಮ ಸಂಸ್ಥೆಗಳ ಗೇಟಿನ ಮುಂದೆ ಸಾಲುಗಟ್ಟುವ ವಾಹನಗಳು ಫುಟ್‌ಪಾತ್ ಏರದಂತೆ ಸ್ವಯಂಸೇವಕರು ನೋಡಿಕೊಳ್ಳಲು ಯಾವ ಅನುದಾನವೂ ಬೇಡ. ರಸ್ತೆಗೆ ತುಸು ಜಾಗ ಬಿಟ್ಟುಕೊಡಬೇಕಾಗಿ ಬಂದಲ್ಲಿ ಆವರಣ ಗೋಡೆಯನ್ನು ಹಿಂದಕ್ಕೆ ಸರಿಸಲು ಒಪ್ಪಬಹುದು. ಆದರೆ ಆ ಜಾಗ ವಾಹನಗಳ ಪಥಕ್ಕಲ್ಲ, ಫುಟ್‌ಪಾತಿಗೇ ಸಲ್ಲಬೇಕೆಂದು ಬರಹದಲ್ಲಿ ಕೇಳಬೇಕು. ತೆನೆಹಬ್ಬದ ಮೆರವಣಿಗೆಗೂ ನೊವೆನಾಗಳಿಗೂ ನಡೆದು ಬರುವ ಜನಸಂದಣಿಯ ಬಗ್ಗೆ ಸಂಚಾರ ಪೊಲೀಸರಿಗೆ ಮುಂಚಿತವಾಗಿ ಪತ್ರ ಕೊಡಬೇಕು.

ಎರಡನೆಯದಾಗಿ, ಪ್ರತಿಯೊಂದು ವಾಳೆಯ ಗುರಿಕಾರರೂ ಯುವಜನರೂ ಸೇರಿ ತಮ್ಮ ವ್ಯಾಪ್ತಿಯ ರಸ್ತೆಯನ್ನು ಒಂದು ಬೆಳಗ್ಗೆ ನಡೆದು ನೋಡಲಿ. ಅಳತೆ ಟೇಪು, ಮೊಬೈಲ್ ಕ್ಯಾಮರಾ ಇದ್ದರೆ ಸಾಕು. ಎಲ್ಲಿ 1.8 ಮೀಟರ್ ಇಲ್ಲ, ಎಲ್ಲಿ ಚಪ್ಪಡಿ ಒಡೆದಿದೆ, ಬಸ್ ನಿಲ್ದಾಣದಿಂದ ಜೀಬ್ರಾ ಗುರುತು ಎಷ್ಟು ದೂರ, ಎಲ್ಲಿ ದೀಪ ಉರಿಯುವುದಿಲ್ಲ ಎಂದು ಬರೆದುಕೊಂಡು, ರಸ್ತೆ ಯಾರದ್ದೆಂದು ತಿಳಿದು, ಆ ಇಲಾಖೆಗೂ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೂ ಕೊಟ್ಟು ಸ್ವೀಕೃತಿ ಪಡೆಯಲಿ. ಎಲ್ಲ ಧರ್ಮದ ನೆರೆಹೊರೆಯವರ ಸಹಿಯೂ ಅದರಲ್ಲಿರಲಿ, ರಸ್ತೆ ಎಲ್ಲರದ್ದು. 2025ರ ಫೆಬ್ರವರಿಯಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಬಂದದ್ದನ್ನು ನಾವು ಕಂಡಿದ್ದೇವೆ. ಸದಸ್ಯರು ಬದಲಾಗುತ್ತಾರೆ, ಅಧಿಕಾರಿಗಳು ವರ್ಗವಾಗುತ್ತಾರೆ, ದಾಖಲೆಯಲ್ಲಿರುವ ಅರ್ಜಿ ಮಾತ್ರ ಉಳಿಯುತ್ತದೆ. ಮತ ಕೇಳಲು ಬಂದವರ ಮುಂದೆಯೂ ಅದೇ ಪಟ್ಟಿಯನ್ನು ಇಡಬಹುದು.

ಮೂರನೆಯದಾಗಿ, ಅಪಘಾತ ಕಂಡಾಗ ಹಿಂಜರಿಯಬಾರದು. ಗಾಯಾಳುವಿಗೆ ನೆರವಾದವರನ್ನು ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ ಎಂದು ಕಾನೂನೇ ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆಗೆ ಅವಕಾಶವಿದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸತ್ತವರ ಕುಟುಂಬಕ್ಕೆ ಎರಡು ಲಕ್ಷ, ತೀವ್ರ ಗಾಯಗೊಂಡವರಿಗೆ ಐವತ್ತು ಸಾವಿರ ರೂಪಾಯಿ ಪರಿಹಾರ 2022ರ ಏಪ್ರಿಲ್‌ನಿಂದ ನಿಗದಿಯಾಗಿದೆ. ಇದು ತಿಳಿಯದೆ ಸುಮ್ಮನಿರುವ ಬಡ ಕುಟುಂಬ ನಮ್ಮ ನೆರೆಯಲ್ಲೇ ಇರಬಹುದು. ಅವರ ಅರ್ಜಿ ಬರೆದುಕೊಡುವುದೂ ಸೇವೆಯೇ.

ಮುಂದಿನ ಬಾರಿ ರಸ್ತೆ ಕಾಮಗಾರಿಯ ಉದ್ಘಾಟನೆಯ ಸುದ್ದಿ ಓದುವಾಗ ಎಷ್ಟು ಕೋಟಿ, ಎಷ್ಟು ಕಿಲೋಮೀಟರ್ ಎಂಬುದರ ಜೊತೆಗೆ ದಾಟಲು ಎಷ್ಟು ಕಡೆ ಜಾಗವಿದೆ ಎಂದೂ ಕೇಳೋಣ. ಉತ್ತರ ಇಲ್ಲವೆಂದಾದರೆ, ಕಾಮಗಾರಿ ಇನ್ನೂ ಮುಗಿದಿಲ್ಲವೆಂದೇ ತಿಳಿಯೋಣ.