ನಾವು ನಿದ್ರಿಸಿದಾಗಲೂ ಎಚ್ಚರವಿರುವ ನರಗಳು

ಕೆಲವು ದಿನಗಳ ಹಿಂದೆ ತರಗತಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಕೈಯೆತ್ತಿ ಕೇಳಿದಳು: "ಉಸ್ತಾದ್, ರಾತ್ರಿ ನಿದ್ದೆಯಲ್ಲಿ ನನ್ನ ಹೃದಯ ಬಡಿಯಲು ಮರೆತುಬಿಟ್ಟರೆ?" ಉಳಿದ ಮಕ್ಕಳೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಹಿರಿಯರು ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಂಡಿದ್ದೇವೆ?

ಸಹೋದರಿಯರೇ, ಕೈ ಎತ್ತಬೇಕಾದರೆ ನಾವು ಮನಸ್ಸು ಮಾಡಬೇಕು. ಆದರೆ ತಿಂದ ಅನ್ನವನ್ನು ಜೀರ್ಣಿಸು ಎಂದು ಹೊಟ್ಟೆಗೆ ಯಾರೂ ಹೇಳುವುದಿಲ್ಲ. ಬಿಸಿಲಿಗೆ ಹೋದಾಗ ಬೆವರು ಎಂದು ಚರ್ಮಕ್ಕೆ ಆಜ್ಞಾಪಿಸುವುದಿಲ್ಲ. ಹೃದಯ, ಶ್ವಾಸನಾಳ, ಹೊಟ್ಟೆ, ಕರುಳು, ಮೂತ್ರಕೋಶ, ರಕ್ತನಾಳ, ಬೆವರಿನ ಗ್ರಂಥಿ ಇವೆಲ್ಲವುಗಳ ಮೇಲ್ವಿಚಾರಣೆಗೆ ಪ್ರತ್ಯೇಕವಾದ ಒಂದು ನರಜಾಲವಿದೆ. ಅದನ್ನು ಸ್ವಯಂನಿಯಂತ್ರಿತ ನರವ್ಯೂಹ ಎನ್ನುತ್ತಾರೆ. ನಮ್ಮ ಅಪ್ಪಣೆಗೆ ಕಾಯದೆ ಅದು ಹಗಲು ರಾತ್ರಿ ದುಡಿಯುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ವಿಭಾಗಗಳಿವೆ. ಒಂದು ಸಿಂಪಥೆಟಿಕ್. ಇದರ ನರಗಳು ಬೆನ್ನುಹುರಿಯ ನಡುಭಾಗದಿಂದ ಹೊರಡುತ್ತವೆ. ಇನ್ನೊಂದು ಪ್ಯಾರಾಸಿಂಪಥೆಟಿಕ್. ಇದರ ನರಗಳು ಮೆದುಳಿನ ಬುಡದಿಂದ ಮತ್ತು ಬೆನ್ನುಹುರಿಯ ಕೆಳತುದಿಯಿಂದ ಬರುತ್ತವೆ. ಅಂಗಳದಲ್ಲಿ ಆಡುತ್ತಿದ್ದ ಮಗು ಬಾವಿಯ ಕಟ್ಟೆ ಹತ್ತಿದ್ದನ್ನು ಕಂಡಿರೆಂದು ಭಾವಿಸಿ. ಆ ಕ್ಷಣವೇ ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಅಂಗೈ ಬೆವರುತ್ತದೆ. ಜೀರ್ಣಕ್ರಿಯೆ ನಿಧಾನವಾಗಿ, ರಕ್ತ ಕಾಲಿನ ಸ್ನಾಯುಗಳತ್ತ ಹರಿಯುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ನೀವು ಓಡಿ ಹೋಗಿ ಮಗುವನ್ನು ಎತ್ತಿಕೊಳ್ಳುತ್ತೀರಿ. ಇದು ಸಿಂಪಥೆಟಿಕ್ ನರಗಳ ಕೆಲಸ. ಅಪಾಯ ಕಳೆದು, ಊಟ ಮಾಡಿ ನೆಮ್ಮದಿಯಿಂದ ಕುಳಿತಾಗ ಪ್ಯಾರಾಸಿಂಪಥೆಟಿಕ್ ನರಗಳ ಕೈ ಮೇಲಾಗುತ್ತದೆ. ಹೃದಯ ಶಾಂತವಾಗುತ್ತದೆ, ಬಾಯಲ್ಲಿ ಜೊಲ್ಲೂರುತ್ತದೆ, ಕರುಳು ಚುರುಕಾಗುತ್ತದೆ.

ಹೃದಯದ ವಿಷಯದಲ್ಲಿ ಒಂದು ವಿಶೇಷವಿದೆ. ನರಗಳ ಸಂಪರ್ಕವೇ ಇಲ್ಲದಿದ್ದರೂ ಅದು ತಾನಾಗಿಯೇ ನಿಮಿಷಕ್ಕೆ ಸುಮಾರು 100 ಬಾರಿ ಬಡಿಯಬಲ್ಲದು. ವಿಶ್ರಾಂತಿಯ ವೇಳೆ ನಮ್ಮ ನಾಡಿ 70ರ ಆಸುಪಾಸಿನಲ್ಲಿರುವುದು ಮೆದುಳಿನಿಂದ ಕುತ್ತಿಗೆಯ ಮೂಲಕ ಎದೆ ಮತ್ತು ಹೊಟ್ಟೆಗೆ ಇಳಿಯುವ ವೇಗಸ್ ಎಂಬ ನರ ಅದನ್ನು ಸದಾ ಹಿಡಿದು ನಿಲ್ಲಿಸುವುದರಿಂದ. ನರ ಹೃದಯಕ್ಕೆ ಈ ಮಾತನ್ನು ಹೇಗೆ ತಲುಪಿಸುತ್ತದೆ? 1921ರಲ್ಲಿ ಆಸ್ಟ್ರಿಯದ ಗ್ರಾಝ್ ನಗರದಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯಗಳನ್ನು ದ್ರಾವಣದಲ್ಲಿಟ್ಟು ಪರೀಕ್ಷಿಸಿದರು. ಮೊದಲ ಹೃದಯದ ವೇಗಸ್ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಆ ದ್ರಾವಣವನ್ನು ಎರಡನೆಯ ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು! ಅಂದರೆ ನರದ ತುದಿಯಿಂದ ಒಂದು ರಾಸಾಯನಿಕ ಹೊರಬಂದು ಸಂದೇಶ ಒಯ್ಯುತ್ತದೆ ಎಂದಾಯಿತು. ಅದು ಅಸಿಟೈಲ್‌ಕೋಲಿನ್ ಎಂದು ಮುಂದೆ ತಿಳಿದುಬಂತು. ಈ ಪ್ರಯೋಗದ ಯೋಚನೆ ತಮಗೆ ನಿದ್ದೆಯಲ್ಲಿ, ಕನಸಿನಲ್ಲಿ ಹೊಳೆಯಿತೆಂದು ಲೋವಿ ಹೇಳಿಕೊಂಡಿದ್ದರು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು.

ಇಷ್ಟು ನಿಷ್ಠೆಯಿಂದ ದುಡಿಯುವ ಈ ನರಗಳು ಕೆಟ್ಟರೆ ಏನಾಗುತ್ತದೆ? ಅದನ್ನು ನಾನು ಪುಸ್ತಕದಿಂದಲ್ಲ, ನನ್ನ ಉಮ್ಮನಿಂದ ಕಲಿತೆ. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಒಂದು ಮುಂಜಾನೆ ಸುಬ್‌ಹ್ ನಮಾಝ್‌ಗೆಂದು ಹಾಸಿಗೆಯಿಂದ ಎದ್ದು ನಿಂತವರು ಕಣ್ಣು ಕತ್ತಲೆ ಬಂದು ಹಾಗೆಯೇ ಕುಸಿದರು. "ವಯಸ್ಸಾಯಿತಲ್ಲ ಮೋನೇ, ಅದಕ್ಕೇ" ಎಂದರು ಉಮ್ಮ. ನಾವೂ ನಂಬಿದೆವು. ಎರಡನೆಯ ಬಾರಿ ಬಿದ್ದು ಹಣೆ ಒಡೆದಾಗ ವೈದ್ಯರ ಬಳಿ ಕರೆದೊಯ್ದೆ. ಅವರು ಉಮ್ಮನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮತ್ತೊಮ್ಮೆ ರಕ್ತದೊತ್ತಡ ನೋಡಿದರು. ಆಗ ಕಾರಣ ತಿಳಿಯಿತು.

ನಾವು ಎದ್ದು ನಿಂತಾಗ ಅರ್ಧದಿಂದ ಒಂದು ಲೀಟರಿನಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಸಿಂಪಥೆಟಿಕ್ ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿಗೊಳಿಸಿ ಮೆದುಳಿಗೆ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುತ್ತವೆ. ಹಲವು ವರ್ಷ ಹತೋಟಿಯಲ್ಲಿರದ ಸಕ್ಕರೆ ಈ ನರಗಳನ್ನೇ ಹಾಳುಮಾಡುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಒತ್ತಡ 20 ಅಥವಾ ಕೆಳಗಿನದು 10 ಅಂಕ ಇಳಿದರೆ ಅದು ಎಚ್ಚರಿಕೆಯ ಗಂಟೆ. ಕೆಲವು ಮಾತ್ರೆಗಳಿಂದಲೂ, ದೇಹದಲ್ಲಿ ನೀರು ಕಡಿಮೆಯಾದಾಗಲೂ ಹೀಗಾಗಬಹುದು. ಆದ್ದರಿಂದ ವೈದ್ಯರೇ ಪರೀಕ್ಷಿಸಬೇಕು. ನಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಇನ್ನೂ ಎರಡು ವಿಷಯಗಳು ನೆನಪಿರಲಿ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಸಾಮಾನ್ಯವಾಗಿ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಬಡಿದುಕೊಳ್ಳುತ್ತದೆ. ಇವು ಸಿಂಪಥೆಟಿಕ್ ನರಗಳು ಕೊಡುವ ಸೂಚನೆಗಳು. ಹಳೆಯ ರೋಗಿಗಳಲ್ಲಿ ಈ ಸೂಚನೆ ಬಾರದೆಯೇ ಪ್ರಜ್ಞೆ ತಪ್ಪಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ ಹಿಡಿಯುವುದಾದರೆ ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು ಎನ್ನುವುದು ಇದೇ ಕಾರಣಕ್ಕೆ. ಎರಡನೆಯದಾಗಿ, ಇಂತಹವರಿಗೆ ಎದೆನೋವೇ ಇಲ್ಲದೆ ಹೃದಯಾಘಾತವಾಗಬಹುದು. ಕಾರಣವಿಲ್ಲದ ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಹಠಾತ್ ಸುಸ್ತು ಕಂಡರೆ "ಗ್ಯಾಸ್" ಎಂದು ಸುಮ್ಮನಾಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಎಲ್ಲರ ಆರೋಗ್ಯ ನೋಡುವ ತಾಯಂದಿರು ತಮ್ಮ ತಲೆಸುತ್ತನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ನನ್ನ ಉಮ್ಮನೂ ಹೇಳಿರಲಿಲ್ಲ. ಅನೇಕ ತಿಂಗಳಿಂದ ಗೋಡೆ ಹಿಡಿದು ನಡೆಯುತ್ತಿದ್ದರೆಂದು ನಮಗೆ ತಿಳಿದದ್ದು ವೈದ್ಯರು ಕೇಳಿದ ಮೇಲೆ. ಈಗ ಅವರು ಎಚ್ಚರವಾದ ಕೂಡಲೇ ಏಳುವುದಿಲ್ಲ. ಮಲಗಿದಲ್ಲೇ ಪಾದಗಳನ್ನು ಆಡಿಸುತ್ತಾರೆ, ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರುತ್ತಾರೆ, ಆಮೇಲೆ ಏನನ್ನಾದರೂ ಹಿಡಿದು ನಿಲ್ಲುತ್ತಾರೆ. ಸಕ್ಕರೆ ಹತೋಟಿಗೆ ಬಂದಿದೆ. ಅಂದಿನಿಂದ ಬಿದ್ದಿಲ್ಲ.

ಆ ಹುಡುಗಿಗೆ ನಾನು ಹೇಳಿದೆ: "ಹೃದಯ ಮರೆಯುವುದಿಲ್ಲ ಮಗಳೇ, ನೀನು ಧೈರ್ಯವಾಗಿ ನಿದ್ದೆ ಮಾಡು." ಆದರೆ ದೊಡ್ಡವರಿಗೆ ಇನ್ನೊಂದು ಮಾತು ಸೇರಿಸಬೇಕು. ಕೇಳದೆಯೇ ನಮಗಾಗಿ ದುಡಿಯುವ ಈ ನರಗಳನ್ನು ನಾವು ಮರೆಯಬಾರದು. ಇಂದೇ ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ಕೇಳಿರಿ: "ಎದ್ದು ನಿಂತಾಗ ತಲೆ ಸುತ್ತುತ್ತದೆಯೇ?"