ಏರಿಸಿದ ಡೋಸ್ ಇಳಿಸುವವರು ಯಾರು?

ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಂಥ ಊರಲ್ಲಿ ಹುಡುಗನೊಬ್ಬ ರಾತ್ರಿಯೆಲ್ಲ ನಿದ್ದೆಗೆಟ್ಟು, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಕೂಗಾಡತೊಡಗಿದರೆ ಮನೆಯವರಿಗೆ ಮೊದಲು ಹೊಳೆಯುವುದು ಗಾಳಿ ಸೋಕಿದೆ ಎಂದೇ. ಅದು ಕೈಮೀರಿದಾಗ ಗಾಡಿ ಮಾಡಿಕೊಂಡು ಮಂಡ್ಯಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಓಡುತ್ತಾರೆ. ಇಂಜೆಕ್ಷನ್ ಬಿದ್ದು ಆರ್ಭಟ ತಗ್ಗುತ್ತದೆ, ಮಾತ್ರೆ ಚೀಟಿ ಕೈಗೆ ಬರುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಕಾಯಿಲೆ ಕೆರಳಿದ್ದಾಗ ಬರೆದ ಡೋಸನ್ನು ಮತ್ತೆ ನೋಡಿ ಇಳಿಸುವವರು ಹತ್ತಿರದಲ್ಲಿಲ್ಲ. ಹುಡುಗ ಮಂಕು ಬಡಿದು ಕೂರುತ್ತಾನೆ, ಕೈ ನಡುಗುತ್ತದೆ, ಮೈ ತೂಕ ಏರುತ್ತದೆ. ಬೇಸತ್ತ ಮನೆಯವರು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಇಂಥ ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆ ಇರುವವರಲ್ಲಿ ನಡೆದ 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧಿ ಮುಂದುವರಿಸಿದವರಲ್ಲಿ ಶೇ. 27, ಬಿಟ್ಟವರಲ್ಲಿ ಶೇ. 64.

ಹೆಚ್ಚು ಕೊಟ್ಟರೆ ಬೇಗ ವಾಸಿ ಎಂಬ ನಂಬಿಕೆಯೂ ತಪ್ಪು. ಮಿದುಳಿನ ಡೋಪಮಿನ್ ಗ್ರಾಹಕಗಳಲ್ಲಿ ಶೇ. 65ರಷ್ಟನ್ನು ಔಷಧಿ ಹಿಡಿದರೆ ಸಾಮಾನ್ಯವಾಗಿ ಗುಣ ಕಾಣುತ್ತದೆ, ಶೇ. 80 ದಾಟಿದರೆ ಹೆಚ್ಚುವುದು ನಡುಕ, ಬಿಗಿತ. ಆರ್ಭಟ ಗಂಟೆಗಳಲ್ಲಿ ಇಳಿದರೂ ಭ್ರಮೆ ಕರಗಲು ವಾರಗಳು ಬೇಕು. ಆ ವಾರಗಳಲ್ಲಿ ಬೇಕಾದದ್ದು ತಾಳ್ಮೆ.

ತುರ್ತು ಚಿಕಿತ್ಸೆಯೂ ದೊಡ್ಡಾಸ್ಪತ್ರೆಯ ಸೊತ್ತಲ್ಲ. ಆರ್ಭಟ ತಗ್ಗಿಸುವ ಹ್ಯಾಲೊಪೆರಿಡಾಲ್ ಒಂದನ್ನೇ ಚುಚ್ಚಿದರೆ ಕೆಲವರಿಗೆ ಕತ್ತು ಒಂದೇ ಕಡೆ ತಿರುಚಿಕೊಂಡು ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ನೋಡಿದವರಿಗೆ ದೆವ್ವವೇ ಖಾತ್ರಿಯಾಗುತ್ತದೆ. ಜೊತೆಗೆ ಪ್ರೊಮೆಥಜಿನ್ ಸೇರಿಸಿದರೆ ಆ ಕಾಟ ಬಹಳ ಕಡಿಮೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ಈ ಜೋಡಿಯನ್ನು ಪರೀಕ್ಷಿಸಿ 2004 ಮತ್ತು 2007ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಎರಡೂ ಹಳೆಯ, ಅಗ್ಗದ ಔಷಧಿಗಳು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು.

ಊರ ಹತ್ತಿರವೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವುದು ಕರ್ನಾಟಕಕ್ಕೆ ಹೊಸತೇನಲ್ಲ. 1980ರ ದಶಕದಲ್ಲಿ ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರೇ ಈ ಕೆಲಸ ಕಲಿತರು; ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಊರಿನ ಹತ್ತಿರವೇ ಚಿಕಿತ್ಸೆ ಮುಂದುವರಿಸಿ, ವರ್ಷಗಟ್ಟಲೆ ಬೆನ್ನಿಗೆ ನಿಂತಿತು.

ಹಾಗಾದರೆ ಕೆ.ಆರ್. ಪೇಟೆಯಲ್ಲಿ ಯಾಕಾಗಬಾರದು? ಬಿಡುಗಡೆ ಚೀಟಿಯಲ್ಲಿ ಡೋಸ್ ಮರುಪರಿಶೀಲನೆಯ ತಾರೀಖು ಕಡ್ಡಾಯವಾಗಲಿ, ಅದರ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಹೋಗಲಿ. ಆ ದಿನ ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಲಿ, ಆ ಕೆಲಸಕ್ಕೆ ಆಕೆಗೆ ಬೇರೆಯೇ ಗೌರವಧನ ಸಿಗಲಿ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸುವ ಮುನ್ನ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕೇಳಬಹುದು.